ಕಾರ್ಡು ಮೊದಲು ಬಂತು, ಆಸ್ಪತ್ರೆ ಆಮೇಲೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ನಾಲ್ಕು ಬಗೆಯ ಆರೋಗ್ಯ ವಿಮೆ ಇರಬಹುದು. ಒಂದರಲ್ಲಿ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ಇನ್ನೊಂದರಲ್ಲಿ ನಿವೃತ್ತ ಮೇಷ್ಟರ ಮೆಡಿಸೆಪ್ ಎಂಬ ಸರಕಾರಿ ನೌಕರರ ವಿಮೆ, ಮತ್ತೊಂದರಲ್ಲಿ ಮಂಗಳೂರಿನಲ್ಲಿ ದುಡಿಯುವ ಮಗನ ಕಂಪೆನಿಯ ಗುಂಪು ವಿಮೆ, ಕೊನೆಯದರಲ್ಲಿ ಕೈಯಿಂದ ಕಂತು ಕಟ್ಟಿದ ಪಾಲಿಸಿ. ಇವುಗಳಲ್ಲಿ ಯಾವುದು ಕರ್ನಾಟಕದ ಗಡಿಯ ತಲಪಾಡಿ ದಾಟಿದ ಮೇಲೂ ನಡೆಯುತ್ತದೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

1952ರಲ್ಲಿ ಕಾರ್ಖಾನೆಯವರಿಗೆ ಇಎಸ್‌ಐ ವಿಮೆ, 1954ರಲ್ಲಿ ಕೇಂದ್ರ ನೌಕರರಿಗೆ ಸಿಜಿಎಚ್‌ಎಸ್ ಆರೋಗ್ಯ ಯೋಜನೆ, 1973ರಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣ, 1986ರಲ್ಲಿ ಆಸ್ಪತ್ರೆ ಖರ್ಚಿನ ಮೆಡಿಕ್ಲೈಮ್ ಪಾಲಿಸಿ, 2000ದಿಂದ ಖಾಸಗಿ ಕಂಪೆನಿಗಳು. ಆರೋಗ್ಯ ವಿಮೆಯ ಐವತ್ತು ವರ್ಷಗಳ ಕಥೆ ಇಷ್ಟು ಸಾಕು. ಅಡಿಕೆ ತೋಟದ ಆಳಿಗಾಗಲಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗಾಗಲಿ ಇದರಿಂದ ಹೆಚ್ಚೇನೂ ಒದಗಲಿಲ್ಲ. 1976ರ ಕಲ್ಯಾಣ ನಿಧಿ ಕಾಯಿದೆ ಬೀಡಿ ಕಾರ್ಮಿಕರಿಗೆ ಗುರುತಿನ ಚೀಟಿಯನ್ನೂ ಡಿಸ್ಪೆನ್ಸರಿಯನ್ನೂ ಕೊಟ್ಟಿತು, ನಿಜ. ಆದರೆ ಅದು ವಿಮೆಯಲ್ಲ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ಕಾಸರಗೋಡಿನ ರೈತ ಹೊರಗೇ ಉಳಿದ. ಅವನ ಅಡಿಕೆ ಮಂಗಳೂರಿಗೆ ಹೋಗುತ್ತಿತ್ತು, ಕಾಯಿಲೆಗೂ ಅವನು ಮಂಗಳೂರಿಗೇ ಹೋಗುತ್ತಿದ್ದ. ಊರು ಮಾತ್ರ 1956ರ ನವೆಂಬರ್ 1ರಿಂದ ಕೇರಳದ್ದು.

ವಿಮೆ ನಿಜವಾಗಿ ಮನೆಬಾಗಿಲಿಗೆ ಬಂದದ್ದು 2008ರಲ್ಲಿ, ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಮೂಲಕ. ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ಚಿಕಿತ್ಸೆ. ಕುಟುಂಬ ಕೊಡಬೇಕಾದದ್ದು ನೋಂದಣಿಯ 30 ರೂಪಾಯಿ. ಪ್ರೀಮಿಯಮ್ಮಿನ ಮುಕ್ಕಾಲು ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಕೇಂದ್ರದ ಬಡವರ ಪಟ್ಟಿ ತೀರಾ ಚಿಕ್ಕದೆಂದು ಕಂಡಿದ್ದರಿಂದ ಕೇರಳ ತನ್ನ ಪಟ್ಟಿಯ ಬಡವರನ್ನೂ ‘ಚಿಸ್’ ಎಂಬ ಹೆಸರಿನಲ್ಲಿ ಸೇರಿಸಿಕೊಂಡಿತು. ಪಂಚಾಯತಿನ ಶಿಬಿರಕ್ಕೆ ಮನೆಮಂದಿಯೆಲ್ಲ ಹೋಗಬೇಕು, ಫೋಟೋ ತೆಗೆಸಬೇಕು, ಬೆರಳೊತ್ತಬೇಕು; ಸ್ಮಾರ್ಟ್ ಕಾರ್ಡು ಅಲ್ಲೇ ಕೈಗೆ. ದುಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣದಿದ್ದರೆ ಮತ್ತೆ ಒತ್ತಬೇಕು, ಮತ್ತೆ ಒರೆಸಬೇಕು. ಬಡವರಿಗೆಂದೇ ಮಾಡಿದ ಯಂತ್ರ ಬಡವರ ಕೈಯನ್ನೇ ಓದಲಾರದೆ ಹೋದದ್ದಕ್ಕೆ ಏನೆನ್ನುವುದೋ!

ಆದರೂ ಆ ಕಾರ್ಡನ್ನು ಹಗುರವಾಗಿ ಕಾಣುವಂತಿಲ್ಲ. ಹೆರಿಗೆಗೆ, ಹರ್ನಿಯಾಕ್ಕೆ, ಜ್ವರದಿಂದ ನಾಲ್ಕು ದಿನ ಮಲಗಿದ್ದಕ್ಕೆ ಚಿನ್ನ ಅಡವಿಡುವುದು ತಪ್ಪಿತು. ಸರಕಾರಿ ಆಸ್ಪತ್ರೆಗಳಿಗೂ ಕ್ಲೈಮಿನ ಹಣ ಹರಿಯಿತು. ತೊಡಕಿದ್ದದ್ದು ದೊಡ್ಡ ಕಾಯಿಲೆಗಳಲ್ಲಿ. ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಚಿಕಿತ್ಸೆಗೆ ಹೆಚ್ಚುವರಿ 70,000 ರೂಪಾಯಿ ಕೊಡುವ ‘ಚಿಸ್ ಪ್ಲಸ್’ ಬಂತು, ಅದು ಸರಕಾರಿ ಆಸ್ಪತ್ರೆಗಳ ಮೂಲಕ. ಕಾಸರಗೋಡು ಜಿಲ್ಲೆಯಲ್ಲಿ ಆಗ ಸರಕಾರಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಕೋಯಿಕ್ಕೋಡಿನ ಕಾಲೇಜು ಮಂಜೇಶ್ವರದಿಂದ ಸುಮಾರು 200 ಕಿಲೋಮೀಟರ್. ಮಂಗಳೂರಿನ ಆಸ್ಪತ್ರೆಗಳು ಮುಕ್ಕಾಲು ಗಂಟೆಯ ದಾರಿ. ಕಾರ್ಡಿನ ಹಣ ಒಂದು ದಿಕ್ಕಿಗೆ, ಆಂಬುಲೆನ್ಸ್ ಇನ್ನೊಂದು ದಿಕ್ಕಿಗೆ.

2011–12ರಲ್ಲಿ ಕಾರುಣ್ಯ ಲಾಟರಿ ಬಂತು. ಅದರ ಲಾಭದ ನಿಧಿಯಿಂದ ಗಂಭೀರ ಕಾಯಿಲೆಗಳಿಗೆ ನೆರವು: ಯಾರದೋ ಅದೃಷ್ಟ ಪರೀಕ್ಷೆಯಿಂದ ಇನ್ಯಾರದೋ ಡಯಾಲಿಸಿಸ್. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ಚಿಕಿತ್ಸೆಯ ಆಯುಷ್ಮಾನ್ ಭಾರತ್ ಆರಂಭಿಸಿತು. ಮರುವರ್ಷ ಕೇರಳ ಹಳೆಯದನ್ನೂ ಹೊಸದನ್ನೂ ಹೆಣೆದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯನ್ನು ತಂದಿತು; ಸುಮಾರು 42 ಲಕ್ಷ ಕುಟುಂಬಗಳಿಗೆ. ಮೊದಲ ವರ್ಷ ವಿಮಾ ಕಂಪೆನಿಯ ಕೈಯಲ್ಲಿದ್ದ ಯೋಜನೆ 2020ರಲ್ಲಿ ಸರಕಾರದ್ದೇ ಆರೋಗ್ಯ ಏಜೆನ್ಸಿಗೆ ಬಂತು. ನೌಕರರಿಗೂ ಪಿಂಚಣಿದಾರರಿಗೂ ಮೆಡಿಸೆಪ್ ಶುರುವಾದದ್ದು 2022ರ ಜುಲೈಯಲ್ಲಿ; ಆಗ ತಿಂಗಳಿಗೆ 500 ರೂಪಾಯಿ ಹಿಡಿದುಕೊಳ್ಳುತ್ತಿದ್ದರು.

ಈ ನಡುವೆ 2020ರ ಮಾರ್ಚ್ ಬಂದು ಹೋಯಿತು. ಕೊರೊನಾ ಭಯದಲ್ಲಿ ಗಡಿ ರಸ್ತೆಗಳು ಮುಚ್ಚಿದವು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಹಿಂದಿರುಗಿದವು. ಮಂಗಳೂರು ತಲುಪಲಾಗದೆ ಕೆಲವರು ತೀರಿಕೊಂಡರು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವಾಗ ರೋಗಿಗಳನ್ನು ಗಡಿ ದಾಟಿಸಲು ಎರಡು ರಾಜ್ಯಗಳ ನಡುವೆ ಒಪ್ಪಂದವಾಯಿತು. ಐದು ಲಕ್ಷದ ಕಾರ್ಡು ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿತ್ತು. 2013ರಲ್ಲಿ ಶಿಲಾನ್ಯಾಸವಾಗಿದ್ದ, ಕಾಸರಗೋಡು ಜಿಲ್ಲೆಯದ್ದೇ ಆದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆಗ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಲಾಯಿತು.

ಆಯುಷ್ಮಾನ್ ನಿಯಮದಲ್ಲಿ ಕಾರ್ಡು ಯೋಜನೆಯ ಪಟ್ಟಿಯಲ್ಲಿರುವ ದೇಶದ ಯಾವುದೇ ಆಸ್ಪತ್ರೆಯಲ್ಲಿ ನಡೆಯಬೇಕೆಂದು ಇದೆ. ಆದರೆ ಆಸ್ಪತ್ರೆಗಳು ಪಟ್ಟಿಗೆ ಸೇರುವುದು ವಿಭಾಗವಾರು. ಎಲುಬಿನ ವಿಭಾಗ ಪಟ್ಟಿಯಲ್ಲಿದ್ದು ಹೃದಯದ ವಿಭಾಗ ಇಲ್ಲದಿರಬಹುದು. ದಾಖಲಾದ ಮೇಲೂ ಬಹುತೇಕ ಚಿಕಿತ್ಸೆಗಳಿಗೆ ಮುಂಚಿತ ಅನುಮತಿ ಬೇಕು. ಮೇಲಾಗಿ, ಕೇರಳದ ಫಲಾನುಭವಿಗಳಲ್ಲಿ ಸುಮಾರು ಅರ್ಧದಷ್ಟು ಕುಟುಂಬಗಳು ಮಾತ್ರ ಕೇಂದ್ರದ ಪಟ್ಟಿಯವು. ಉಳಿದವರ ಪೂರ್ತಿ ಖರ್ಚು ರಾಜ್ಯದ್ದು.

2025ರ ಸೆಪ್ಟೆಂಬರಿನಲ್ಲಿ ಎರಡು ಸುದ್ದಿಗಳು ಬಂದವು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ಜಿಎಸ್‌ಟಿ ರದ್ದಾಯಿತು. ಸ್ವಂತ ದುಡ್ಡಿನಲ್ಲಿ ಪಾಲಿಸಿ ಕೊಳ್ಳುವವರಿಗೆ ಹಗುರ. ಉಕ್ಕಿನಡ್ಕದ ಕಾಲೇಜಿಗೆ 50 ಎಂಬಿಬಿಎಸ್ ಸೀಟುಗಳ ಅನುಮತಿಯೂ ಸಿಕ್ಕಿತು, ಶಿಲಾನ್ಯಾಸವಾಗಿ ಹನ್ನೆರಡನೆಯ ವರ್ಷದಲ್ಲಿ.