ಪಿಎಫ್ ತೆಗೆಯಲು ಕೆಲಸ ಬಿಡಬೇಡಿ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಂದ ನನ್ನ ಕಚೇರಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಮೇಡಂ, ಪಿಎಫ್ ತೆಗೆಯಬೇಕೆಂದು ರಾಜೀನಾಮೆ ಕೊಟ್ಟೆ, ಈಗ ಗ್ರಾಚ್ಯುಟಿ ಇಲ್ಲ ಎನ್ನುತ್ತಿದ್ದಾರೆ." ಸಹಿ ಹಾಕುವ ಮೊದಲು ಬಂದಿದ್ದರೆ ಅರ್ಧ ಗಂಟೆಯ ಮಾತಿನಲ್ಲಿ ಮುಗಿಯುತ್ತಿತ್ತು. ಸಹಿ ಹಾಕಿದ ಮೇಲೆ ವರ್ಷಗಟ್ಟಲೆ ಅಲೆದಾಟ. ಇಷ್ಟು ವರ್ಷ ಹೇಳಿದರೂ ಈ ತಪ್ಪು ನಿಲ್ಲುತ್ತಿಲ್ಲವಲ್ಲ ಎಂದು ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಪಿಎಫ್ ಬೇರೆ, ಗ್ರಾಚ್ಯುಟಿ ಬೇರೆ. ಪಿಎಫ್ ಎಂದರೆ ಭವಿಷ್ಯ ನಿಧಿ; ಅದಕ್ಕೆ ನಿಮ್ಮ ಸಂಬಳದಿಂದಲೂ ಹಣ ಕಡಿತವಾಗುತ್ತದೆ, ಮಾಲೀಕರೂ ತಮ್ಮ ಪಾಲು ಹಾಕುತ್ತಾರೆ. ಸಂಬಳದ ಚೀಟಿಯಲ್ಲಿ ಕಾಣುತ್ತದೆ, ಮೊಬೈಲ್‌ಗೆ ಸಂದೇಶ ಬರುತ್ತದೆ, ಆದ್ದರಿಂದ ಅದರ ಮೇಲೆ ನಿಮ್ಮ ಕಣ್ಣಿರುತ್ತದೆ. ಗ್ರಾಚ್ಯುಟಿಗೆಂದು ನಿಮ್ಮಿಂದ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ, ಅದು ಕೆಲಸ ಬಿಡುವಾಗ, ಮಾಡಿದ ಸೇವೆಗಾಗಿ, ಪೂರ್ತಿಯಾಗಿ ಮಾಲೀಕರೇ ಕೊಡಬೇಕಾದ ಹಣ. ಚೀಟಿಯಲ್ಲಿ ಅದರ ಹೆಸರು ಕಾಣುವುದಿಲ್ಲ, ಹಾಗಾಗಿ ಅದೊಂದು ಇದೆ ಎಂಬುದೇ ಮರೆತುಹೋಗುತ್ತದೆ. ಕೆಲಸ ಬದಲಿಸಿದರೂ ಪಿಎಫ್ ನಿಮ್ಮ ಯುಎಎನ್ ಸಂಖ್ಯೆಯೊಂದಿಗೆ, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯೊಂದಿಗೆ, ಬರುತ್ತದೆ. ಗ್ರಾಚ್ಯುಟಿ ಹಾಗೆ ಬರುವುದಿಲ್ಲ. ಒಬ್ಬ ಮಾಲೀಕರ ಬಳಿ ಐದು ವರ್ಷ ನಿರಂತರ ಸೇವೆ ಮುಗಿದಿರಬೇಕು. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಕೊಟ್ಟು, ಅದೇ ಗೇಟಿನೊಳಗೆ ಹೊಸ ಟೋಕನ್ ನಂಬರಿನೊಂದಿಗೆ ಮತ್ತೆ ಹೋದರೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ಲೆಕ್ಕ ಸುಲಭವಾಗಲೆಂದು ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದು, ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500. ಹತ್ತು ವರ್ಷಕ್ಕೆ 75,000. ಈ ಲೆಕ್ಕ ನಡೆಯುವುದು ಕೊನೆಯ ಸಂಬಳದ ಮೇಲೆ. ಹೆಲ್ಪರ್ ಆಗಿ ಸೇರಿ ಟೈಲರ್ ಆಗಿ ಬಿಟ್ಟರೆ, ಹೆಲ್ಪರ್ ಆಗಿದ್ದ ವರ್ಷಗಳಿಗೂ ಟೈಲರ್ ಸಂಬಳದ ದರದಲ್ಲೇ ಹಣ ಸಿಗಬೇಕು. ನಡುವೆ ಸೇವೆಯನ್ನು ತುಂಡು ಮಾಡಿಕೊಂಡವರಿಗೆ ಇದೂ ಕೈತಪ್ಪುತ್ತದೆ.

ಮದ್ದೂರು ಕಡೆಯ ಒಬ್ಬ ಟೈಲರ್ ಪ್ಲಾಸ್ಟಿಕ್ ಕವರಿನ ತುಂಬ ಕಾಗದ ಹಿಡಿದು ಬಂದಿದ್ದರು. 2009ರಿಂದ 2022ರವರೆಗೆ, ಹದಿಮೂರು ವರ್ಷ, ಒಂದೇ ಕಾರ್ಖಾನೆ. ಕಾಗದದ ಮೇಲೆ ಮಾತ್ರ ಮೂರು ತುಂಡು, ಯಾವುದಕ್ಕೂ ಐದು ವರ್ಷ ತುಂಬಿಲ್ಲ. ಮೊದಲ ರಾಜೀನಾಮೆ ಮಗಳ ಶಾಲೆಯ ಶುಲ್ಕಕ್ಕೆ, ಎರಡನೆಯದು ಗಂಡನ ಆಸ್ಪತ್ರೆಯ ಖರ್ಚಿಗೆ. ಎರಡೂ ಪತ್ರಗಳಲ್ಲಿ "ಸ್ವಂತ ಕಾರಣಗಳಿಂದ" ಎಂದಿತ್ತು. ಎರಡರ ಕೈಬರಹವೂ ಒಂದೇ, ಆದರೆ ಅವರದಲ್ಲ. "ಆಫೀಸಿನವರೇ ಬರೆದುಕೊಟ್ಟರು, ನಾನು ಸಹಿ ಮಾಡಿದೆ" ಎಂದರು. ಮೊದಲ ಸಲ ಹತ್ತೇ ದಿನಕ್ಕೆ ಮರಳಿ ಸೇರಿದ್ದರು, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಸಂಖ್ಯೆ ಹಳೆಯದೇ ಮುಂದುವರಿದಿತ್ತು. ಆ ಬಿಡುವು ಹೆಸರಿಗೆ ಮಾತ್ರ ಎಂದು ವಾದಿಸಲು ನನಗೆ ಆಧಾರ ಸಿಕ್ಕಿತು. ಎರಡನೆಯ ಸಲ ಎರಡು ತಿಂಗಳು ಮನೆಯಲ್ಲಿದ್ದರು, ಅಲ್ಲಿ ವಾದಕ್ಕೆ ಬಲವಿರಲಿಲ್ಲ. ಕೊನೆಗೆ ಮೊದಲ ಎಂಟೂವರೆ ವರ್ಷಕ್ಕೆ ರಾಜಿಯಲ್ಲಿ ಹಣ ಬಂತು. ಉಳಿದದ್ದು ಹೋಯಿತು. ಎಲ್ಲರ ಪ್ರಕರಣದಲ್ಲೂ ಇಷ್ಟಾದರೂ ದಕ್ಕುತ್ತದೆ ಎಂದು ನಾನು ಹೇಳಲಾರೆ.

ಇದೇ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯನ್ನು ತುಂಬಿದವರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಆದೇಶದ ವಿರುದ್ಧ ಬೀದಿಗಿಳಿದು, ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ತಮ್ಮ ಹಣ ಯಾವುದೆಂದು ಗೊತ್ತಾದರೆ ಇವರು ಬಿಟ್ಟುಕೊಡುವವರಲ್ಲ. ಗ್ರಾಚ್ಯುಟಿಯೂ ತಮ್ಮ ಹಣವೇ ಎಂದು ಇವರಿಗೆ ಕೂರಿಸಿ ಹೇಳಿದವರು ಕಡಿಮೆ.

ಹಣ ತುರ್ತಾಗಿ ಬೇಕೇ? ಕೆಲಸದಲ್ಲಿದ್ದುಕೊಂಡೇ ಚಿಕಿತ್ಸೆ, ಮದುವೆ, ಮಕ್ಕಳ ಓದು, ಮನೆ ಮುಂತಾದ ಕಾರಣಗಳಿಗೆ ಪಿಎಫ್ ಮುಂಗಡ ಪಡೆಯಬಹುದು. ಎಷ್ಟು ಸಿಗುತ್ತದೆ, ಎಷ್ಟು ಸೇವೆ ಆಗಿರಬೇಕು ಎಂಬ ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಯಾವ ನಿಯಮವಿದೆಯೋ ಅದನ್ನೇ ನೋಡಿ, ಪಕ್ಕದ ಮನೆಯವರಿಗೆ ಹೋದ ವರ್ಷ ಸಿಕ್ಕ ಮೊತ್ತವನ್ನಲ್ಲ.

ಬಸುರಿಯಾದ ಕೂಡಲೇ ರಾಜೀನಾಮೆ ಬರೆಯುವವರದು ಇನ್ನೂ ದೊಡ್ಡ ನಷ್ಟ. ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯಿದೆ, ಆ ರಜೆ ಸೇವೆಯ ಲೆಕ್ಕಕ್ಕೂ ಸೇರುತ್ತದೆ. ಸೂಪರ್‌ವೈಸರ್ "ಹೆರಿಗೆ ಮುಗಿಸಿಕೊಂಡು ಬಾರಮ್ಮ, ಹೊಸದಾಗಿ ಸೇರಿಸಿಕೊಳ್ಳುತ್ತೇವೆ" ಎಂದರೆ ಒಪ್ಪಬೇಡಿ. ರಜೆಯ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಕೇಳಿ ಪಡೆಯಿರಿ.

ನಾಲ್ಕು ವರ್ಷ ಮುಗಿದು ಐದನೆಯ ವರ್ಷದಲ್ಲಿ 240 ದಿನ ಕೆಲಸ ಆಗಿದ್ದರೆ ಗ್ರಾಚ್ಯುಟಿಗೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಮದ್ರಾಸ್ ಉಚ್ಚ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿರುವುದು ನಿಜ. ಆದರೆ ಕೆಲಸ ಆಗಲೇ ಹೋಗಿದ್ದರೆ ನಾನು ಆ ತೀರ್ಪನ್ನು ಹಿಡಿದು ವಾದಿಸುತ್ತೇನೆ, ಅದನ್ನು ನಂಬಿ ಕೆಲಸ ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಿಗುವುದು ನಿಗದಿತ ಅವಧಿಗೆ ನೇಮಕವಾದವರಿಗೆ. ಕಾಯಂ ಕೆಲಸಗಾರರಿಗೆ ಈಗಲೂ ಐದು ವರ್ಷ ಆಗಲೇಬೇಕು.

ಕಳೆದ ವಾರ ಒಬ್ಬರು ಬರೆದಿಟ್ಟ ರಾಜೀನಾಮೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದ್ದರು. ಐದು ವರ್ಷ ತುಂಬಲು ಇನ್ನೂ ಏಳು ತಿಂಗಳಿತ್ತು. ಅಲ್ಲೇ ಕೂತು ಮೊಬೈಲಿನಲ್ಲಿ ಮುಂಗಡದ ಅರ್ಜಿ ಹಾಕಿಸಿದೆ. ಪತ್ರವನ್ನು ನನ್ನ ಮೇಜಿನ ಮೇಲೆ ಬಿಟ್ಟು, ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಬಸ್ ಹಿಡಿಯಲು ಓಡಿದರು.