ಎತ್ತು ಮಾರುವ ಮೊದಲೇ ನೆರವು ಬರಬೇಕು

ಬರಗಾಲದಲ್ಲಿ ಬೆಳೆ ಒಣಗುತ್ತದೆ. ಆದರೆ ಒಂದು ಮನೆಯನ್ನು ವರ್ಷಗಟ್ಟಲೆ ಏಳದಂತೆ ಮಾಡುವುದು ಬೆಳೆನಷ್ಟ ಒಂದೇ ಅಲ್ಲ. ಆಮೇಲೆ ಹೊಟ್ಟೆಪಾಡಿಗಾಗಿ ಆ ಮನೆಯವರು ಏನೇನು ಕಳೆದುಕೊಳ್ಳುತ್ತಾರೆ ಅನ್ನುವುದು ಇನ್ನೂ ದೊಡ್ಡ ವಿಷಯ. ಮೊದಲು ತಟ್ಟೆಯಲ್ಲಿ ಊಟ ಕಡಿಮೆಯಾಗುತ್ತದೆ. ಮಕ್ಕಳಿಗೆ ಬಡಿಸಿ ದೊಡ್ಡವರು ಹಸಿದುಕೊಂಡು ಮಲಗುತ್ತಾರೆ. ಕೈಸಾಲ ಶುರುವಾಗುತ್ತದೆ. ಆಡು, ಕುರಿ ಒಂದೊಂದಾಗಿ ಸಂತೆಗೆ ಹೋಗುತ್ತವೆ. ಮಕ್ಕಳು ಶಾಲೆ ಬಿಡುತ್ತಾರೆ. ಕೊನೆಗೆ ಬಿತ್ತನೆ ಬೀಜವನ್ನೇ ಬೇಯಿಸಿಕೊಳ್ಳಬೇಕಾಗುತ್ತದೆ, ಉಳುವ ಎತ್ತನ್ನೇ ಮಾರಬೇಕಾಗುತ್ತದೆ.

ಈ ಮೆಟ್ಟಿಲುಗಳಲ್ಲಿ ಮೇಲಿನವನ್ನು ಮತ್ತೆ ಹತ್ತಬಹುದು. ಕೆಳಗಿನವನ್ನು ಹತ್ತುವುದು ತುಂಬ ಕಷ್ಟ. ಮಳೆ ಬಂದರೂ ಎತ್ತಿಲ್ಲದೆ, ಬೀಜವಿಲ್ಲದೆ ಬಿತ್ತುವುದು ಹೇಗೆ? ಗ್ರಾಮೀಣ ಸಮುದಾಯದ ತಾಳಿಕೆಯ ಶಕ್ತಿ ಎಂದು ಅಭಿವೃದ್ಧಿ ತಜ್ಞರು ಹೇಳುವುದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಕಷ್ಟ ಬಂದಾಗ ಆ ಕೊನೆಯ ಮೆಟ್ಟಿಲಿಗೆ ಇಳಿಯದೆ ನಿಲ್ಲುವ ಶಕ್ತಿ. ಹಾಗಾಗಿ ನೆರವು ಎಷ್ಟು ಬಂತು ಎನ್ನುವಷ್ಟೇ ಮುಖ್ಯ, ಅದು ಯಾವಾಗ ಬಂತು ಎನ್ನುವುದು.

ಇದರ ಹಿಂದೆ ಒಂದು ಕ್ರೂರ ಲೆಕ್ಕವಿದೆ. ಬರದಲ್ಲಿ ಎಲ್ಲರೂ ಒಟ್ಟಿಗೇ ಜಾನುವಾರು ಮಾರಲು ಹೊರಡುತ್ತಾರೆ. ಮೇವಿಲ್ಲದೆ ದನಗಳೂ ಬಡಕಲಾಗಿರುತ್ತವೆ. ದನದ ಬೆಲೆ ಕುಸಿಯುತ್ತದೆ, ಅದೇ ಹೊತ್ತಿಗೆ ಕಾಳಿನ ಬೆಲೆ ಏರುತ್ತದೆ. ಎರಡು ಕಡೆಯಿಂದಲೂ ಪೆಟ್ಟು. ಒಂದು ಆಡು ಮಾರಿದರೆ ಮೊದಲು ಸಿಗುತ್ತಿದ್ದ ಕಾಳಿನ ಸ್ವಲ್ಪ ಪಾಲೂ ಈಗ ಸಿಗದೇ ಹೋಗಬಹುದು. ಮಾರುಕಟ್ಟೆಯಲ್ಲಿ ಆಹಾರ ಇದ್ದರೂ ಕೊಳ್ಳಲು ಕೈಯಲ್ಲಿ ಏನೂ ಇಲ್ಲದೆ ಜನ ಹಸಿವಿನಿಂದ ಸಾಯಬಹುದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಷ್ಟು ಹಿಂದೆಯೇ ವಿವರಿಸಿದ್ದರು.

ತಡವಾದರೆ ಆಗುವ ನಷ್ಟ ಮಕ್ಕಳ ಮೈಯಲ್ಲೂ ಉಳಿಯುತ್ತದೆ. ಜಿಂಬಾಬ್ವೆಯ ಹಳ್ಳಿಗಳಲ್ಲಿ 1994–95ರ ಬರದ ನಂತರ ಸಂಶೋಧಕರು ಮಕ್ಕಳ ಎತ್ತರ ಅಳೆದರು. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆ 1.5ರಿಂದ 2 ಸೆಂಟಿಮೀಟರ್ ಕುಂಠಿತವಾಗಿತ್ತು. ವರ್ಷಗಳು ಕಳೆದರೂ ಆ ಕೊರತೆ ಪೂರ್ತಿ ತುಂಬಲಿಲ್ಲ. ಬರ ಮುಗಿದ ಮೇಲೆ ಎಷ್ಟೇ ಉದಾರವಾಗಿ ಹಣ ಸುರಿದರೂ ಆ ಮಕ್ಕಳ ಆ ವಯಸ್ಸು ವಾಪಸ್ ಬರುವುದಿಲ್ಲ, ಅಲ್ವಾ?

ಹಾಗಿದ್ದರೂ ಅಂತರರಾಷ್ಟ್ರೀಯ ನೆರವು ಬಹಳ ಕಾಲ ನಡೆದದ್ದು ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆಯೇ. ಮೊದಲು ಅನಾಹುತ, ಆಮೇಲೆ ಸಮೀಕ್ಷೆ, ಆಮೇಲೆ ಮನವಿ, ಎಲ್ಲಕ್ಕಿಂತ ಕೊನೆಗೆ ಹಣ. ಈ ಸರದಿಯನ್ನು ತಿರುಗಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಬಾಂಗ್ಲಾದೇಶದಲ್ಲಿ ಒಳ್ಳೆಯ ಪುರಾವೆ ಸಿಕ್ಕಿದೆ. 2020ರ ಜುಲೈನಲ್ಲಿ ಜಮುನಾ ನದಿಗೆ (ಬ್ರಹ್ಮಪುತ್ರಕ್ಕೆ ಅಲ್ಲಿನ ಹೆಸರು) ಭಾರಿ ನೆರೆ ಬರಲಿದೆ ಎಂಬ ಮುನ್ಸೂಚನೆ ಬಂತು. ಮುನ್ಸೂಚನೆ ಯಾವ ಮಟ್ಟ ಮುಟ್ಟಿದರೆ ಹಣ ಬಿಡಬೇಕು ಎಂಬುದನ್ನು ಮೊದಲೇ ಬರೆದಿಟ್ಟಿದ್ದರು. ಹೀಗಾಗಿ ವಿಶ್ವಸಂಸ್ಥೆಯ ತುರ್ತು ನಿಧಿ ನೆರೆ ಏರುವ ಮೊದಲೇ ಹಣ ಬಿಡುಗಡೆ ಮಾಡಿತು. 23 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ 4,500 ಟಾಕಾ ಮೊಬೈಲ್ ಮೂಲಕ ತಲುಪಿತು. ಹಣ ಸಿಕ್ಕವರನ್ನೂ ಅದೇ ಪ್ರದೇಶದಲ್ಲಿ ಸಿಗದವರನ್ನೂ ಸಂಶೋಧಕರು ಆಮೇಲೆ ಹೋಲಿಸಿ ನೋಡಿದರು. ಹಣ ಸಿಕ್ಕವರಲ್ಲಿ ಇಡೀ ದಿನ ಉಪವಾಸ ಬಿದ್ದವರು ಕಡಿಮೆ. ಮೂರು ತಿಂಗಳ ನಂತರವೂ ಅವರ ಮನೆಗಳಲ್ಲಿ ಊಟ ಚೆನ್ನಾಗಿತ್ತು. ಮೊತ್ತ ದೊಡ್ಡದಲ್ಲ, ಬಂದ ಹೊತ್ತು ಸರಿಯಿತ್ತು.

ಮುನ್ಸೂಚನೆ ಸುಳ್ಳಾದರೆ ಹಣ ದಂಡ ಅಲ್ವಾ ಎಂದು ದಾನಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನೆರೆ ಬರದಿದ್ದರೂ ಆ ಹಣ ಬಡವರ ಮನೆಯಲ್ಲೇ ಇರುತ್ತದೆ. ಸಾಲ ತೀರುತ್ತದೆ, ಕಾಳು ಬರುತ್ತದೆ. ತಡವಾಗಿ ಬಂದ ನೆರವಿನ ದಂಡ ಇದಕ್ಕಿಂತ ಜಾಸ್ತಿ ಎಂದೇ ನನಗೆ ಅನ್ನಿಸುತ್ತದೆ.

ಉತ್ತರ ಕೀನ್ಯಾದ ಪಶುಪಾಲಕರಿಗೆ ಇದೇ ಯೋಚನೆ ವಿಮೆಯ ರೂಪದಲ್ಲಿ ಬಂತು. ಮಾರ್ಸಬಿಟ್‌ನಲ್ಲಿ 2010ರಲ್ಲಿ ಶುರುವಾದ ಈ ವಿಮೆಯಲ್ಲಿ ಯಾರೂ ಸತ್ತ ದನಗಳನ್ನು ಎಣಿಸಲು ಬರುವುದಿಲ್ಲ. ಉಪಗ್ರಹ ಮೇಲಿನಿಂದ ಹುಲ್ಲುಗಾವಲಿನ ಹಸಿರನ್ನು ಅಳೆಯುತ್ತದೆ. ಹಸಿರು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಹಣ ಬರುತ್ತದೆ. ಮೊದಲು ಇದು ಸತ್ತ ದನದ ಬದಲು ಇನ್ನೊಂದು ಕೊಳ್ಳುವುದಕ್ಕಾಗಿ ಇತ್ತು. ಮುಂದೆ ಅದನ್ನು ಬದಲಿಸಿ, ದನ ಸಾಯುವ ಮೊದಲೇ ಮೇವು, ನೀರು, ಔಷಧಿ ಕೊಳ್ಳಲು ಹಣ ಸಿಗುವಂತೆ ಮಾಡಿದರು. ಕೊರತೆಯೂ ಇದೆ. ಉಪಗ್ರಹ ನೋಡುವುದು ಇಡೀ ಪ್ರದೇಶವನ್ನು. ಸುತ್ತಲೂ ಹಸಿರಿದ್ದು ಒಬ್ಬರ ದನ ಮಾತ್ರ ಸತ್ತರೆ ಅವರಿಗೆ ಏನೂ ಸಿಗುವುದಿಲ್ಲ. ಕಂತು ಕಟ್ಟಿದವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ಇಥಿಯೋಪಿಯಾ 2005ರಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ವರ್ಷ ವರ್ಷವೂ ತುರ್ತು ಆಹಾರಕ್ಕೆ ಕೈಚಾಚುವ ಬದಲು, ಸದಾ ಹಸಿವಿನ ಅಂಚಿನಲ್ಲಿರುವ ಲಕ್ಷಾಂತರ ಜನರಿಗೆ ನಿಗದಿತ ತಿಂಗಳುಗಳಲ್ಲಿ ಕಾಳು ಅಥವಾ ಹಣ ಕೊಡುವ ವ್ಯವಸ್ಥೆ ಮಾಡಿತು. ದುಡಿಯಬಲ್ಲವರು ಗುಡ್ಡಗಳಲ್ಲಿ ಬದು ಹಾಕಿ, ನೀರು ಇಂಗಿಸಿ, ರಸ್ತೆ ಮಾಡುತ್ತಾರೆ. ವಯಸ್ಸಾದವರಿಗೆ, ಕೈಲಾಗದವರಿಗೆ ಸುಮ್ನೆ ಕೊಡುತ್ತಾರೆ. ಆದರೆ ಇಲ್ಲೂ ಹಣ ಎಷ್ಟೋ ಸಲ ತಡವಾಯಿತು. ಮೊದಲ ತಾರೀಕಿಗೆ ಹಣ ಬರುವುದು ಖಾತ್ರಿ ಇದ್ದರೆ ಕುರಿ ಮಾರದೆ ಕಾಯಬಹುದು. ಖಾತ್ರಿ ಇಲ್ಲದಿದ್ದರೆ ಹೇಗೆ ಕಾಯುವುದು?

ಎಲ್ಲಕ್ಕಿಂತ ಕಠಿಣ ಉದಾಹರಣೆ ಸೊಮಾಲಿಯಾ. ಮಳೆ ಕೈಕೊಡುವ ಸೂಚನೆಯನ್ನು ಎಚ್ಚರಿಕೆ ವ್ಯವಸ್ಥೆಗಳು 2010ರಲ್ಲೇ ಕೊಟ್ಟಿದ್ದವು. ಕ್ಷಾಮ ಘೋಷಣೆಯಾದದ್ದು 2011ರ ಜುಲೈ 20ರಂದು. ಆ ಕ್ಷಾಮದಲ್ಲಿ ಸತ್ತವರು ಸುಮಾರು 2 ಲಕ್ಷ 58 ಸಾವಿರ, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಬಹಳಷ್ಟು ಸಾವುಗಳು ಘೋಷಣೆಗೆ ಮೊದಲೇ ಆಗಿದ್ದವು. ಅಲ್ಲಿ ತಡೆಯಾದದ್ದು ಮುನ್ಸೂಚನೆಯಲ್ಲ. ಅಂತರ್ಯುದ್ಧವಿತ್ತು, ಸಶಸ್ತ್ರ ಗುಂಪು ನೆರವು ಸಂಸ್ಥೆಗಳನ್ನು ಒಳಗೆ ಬಿಡುತ್ತಿರಲಿಲ್ಲ, ಹಣ ತಪ್ಪು ಕೈಗೆ ಸೇರೀತೆಂದು ದಾನಿ ದೇಶಗಳು ಹಿಂಜರಿದವು. ಕೊನೆಗೆ ದಾರಿ ತೋರಿಸಿದ್ದು ಅಲ್ಲಿನ ಹವಾಲಾ ವ್ಯಾಪಾರಿಗಳು, ಅಂದರೆ ಬ್ಯಾಂಕಿನ ಹಂಗಿಲ್ಲದೆ ನಂಬಿಕೆಯ ಮೇಲೆ ಊರಿಂದೂರಿಗೆ ಹಣ ತಲುಪಿಸುವವರು. ಆಹಾರದ ಲಾರಿ ಹೋಗಲಾಗದ ಊರುಗಳಿಗೂ ಅವರ ಮೂಲಕ ನಗದು ತಲುಪಿತು. ಜನರ ಕೈಗೆ ಹಣ ಬಂದಾಗ ಸ್ಥಳೀಯ ವ್ಯಾಪಾರಿಗಳು ತಾವೇ ಕಾಳು ತರಿಸಿದರು. ಆ ಹವಾಲಾ ದಾರಿ 2010ರಲ್ಲೂ ಇತ್ತು, ದೊಡ್ಡ ಪ್ರಮಾಣದಲ್ಲಿ ಅದನ್ನು ಬಳಸಿದ್ದು ಮಾತ್ರ ಕ್ಷಾಮ ಘೋಷಣೆಯಾದ ಮೇಲೆ.