ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮೂರು ವಾರ ಕಾಯುವುದು ಅಪಾಯವೇ?

ಪ್ರಶ್ನೆ: ನನಗೆ 46 ವರ್ಷ. ಬಲ ಸ್ತನದಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ, ಆರಂಭದ ಹಂತ ಎಂದಿದ್ದಾರೆ. ಆದರೆ ಶಸ್ತ್ರಚಿಕಿತ್ಸೆಗೆ ಮೂರು ವಾರಗಳ ನಂತರದ ದಿನ ಕೊಟ್ಟಿದ್ದಾರೆ. ಅಷ್ಟರೊಳಗೆ ಅದು ಹರಡುವುದಿಲ್ಲವೇ? ಬಯಾಪ್ಸಿಯಾದ ಮೇಲೆ ಗಂಟು ದೊಡ್ಡದಾದಂತೆ ಕಾಣುತ್ತಿದೆ. ಈ ದಿನಗಳಲ್ಲಿ ಎಂದಿನಂತೆ ಕೆಲಸಕ್ಕೆ ಹೋಗಬಹುದೇ?

ಉತ್ತರ: ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ ಮೂರು ವಾರ ಕಾಯುವುದರಿಂದ ಸಾಮಾನ್ಯವಾಗಿ ಚಿಕಿತ್ಸೆಯ ಫಲ ಕೆಡುವುದಿಲ್ಲ. ಕೆಲಸಕ್ಕೂ ಹೋಗಬಹುದು. ಹೀಗೆ ಹೇಳಿದ ಮಾತ್ರಕ್ಕೆ ನಿಮ್ಮ ಭಯ ಇಳಿಯದು ಎಂಬುದು ನನಗೆ ಗೊತ್ತು. ಆದ್ದರಿಂದ ಕಾರಣಗಳನ್ನು ವಿವರಿಸುತ್ತೇನೆ.

ಒಂದು ಸೆಂಟಿಮೀಟರ್ ಗಾತ್ರದ ಗಂಟಿನಲ್ಲಿ ಸುಮಾರು 100 ಕೋಟಿ ಜೀವಕೋಶಗಳಿರುತ್ತವೆ ಎಂಬುದು ವೈದ್ಯಶಾಸ್ತ್ರದ ಸ್ಥೂಲ ಲೆಕ್ಕ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಆ ಸಂಖ್ಯೆಯನ್ನು ಮುಟ್ಟಬೇಕಾದರೆ ಸುಮಾರು 30 ಬಾರಿ ಇಮ್ಮಡಿಯಾಗಬೇಕು, ಮತ್ತು ಹೆಚ್ಚಿನ ಸ್ತನ ಕ್ಯಾನ್ಸರ್‌ಗಳಲ್ಲಿ ಒಮ್ಮೆ ಇಮ್ಮಡಿಯಾಗಲು ವಾರಗಳಿಂದ ತಿಂಗಳುಗಳೇ ಬೇಕು. ಅಂದರೆ, ನಿಮ್ಮ ಕೈಗೆ ಮೊನ್ನೆ ಸಿಕ್ಕ ಗಂಟು ಒಳಗೆ ವರ್ಷಗಳಿಂದ ಬೆಳೆಯುತ್ತಾ ಬಂದಿರುವ ಸಾಧ್ಯತೆಯೇ ಹೆಚ್ಚು. ರೋಗ ಗೊತ್ತಾದ ದಿನ ನಿಮ್ಮ ಪಾಲಿಗೆ ಹೊಸದು, ರೋಗದ ಪಾಲಿಗೆ ಹೊಸದಲ್ಲ.

ಹಾಗೆಂದು ಎಷ್ಟು ಕಾದರೂ ನಡೆಯುತ್ತದೆ ಎಂದು ಹೇಳಲಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಪ್ರತಿ ನಾಲ್ಕು ವಾರ ತಡವಾದಾಗ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ. ಈ ಅಂಕಿಯನ್ನು ಓದುವಾಗ ಬಹಳ ಜನ ಎಡವುತ್ತಾರೆ. ನೂರರಲ್ಲಿ 10 ಇದ್ದ ಅಪಾಯ 18 ಆಗುತ್ತದೆ ಎಂದು ಇದರ ಅರ್ಥವಲ್ಲ. 10 ಇದ್ದದ್ದು ಹೆಚ್ಚೆಂದರೆ 10.8ರ ಹತ್ತಿರ ಹೋಗುತ್ತದೆ ಎಂದರ್ಥ. ಮೊದಲು ಕಿಮೊಥೆರಪಿ ಬೇಡದ ಮಹಿಳೆಯರಿಗೆ ಬಯಾಪ್ಸಿಯಿಂದ 60 ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಅಮೆರಿಕದ ಶಸ್ತ್ರವೈದ್ಯರ ಸಂಸ್ಥೆಯ ಕ್ಯಾನ್ಸರ್ ಆಯೋಗ ಮಾನದಂಡ ಇಟ್ಟುಕೊಂಡಿದೆ. ನಿಮ್ಮ ಮೂರು ವಾರ ಆ ಮಿತಿಯ ಒಳಗೇ ಇದೆ.

ಈ ವಾರಗಳು ಬರಿದೇ ಕಳೆಯುವುದೂ ಇಲ್ಲ. ಬಯಾಪ್ಸಿಯಲ್ಲಿ ತೆಗೆದ ತುಣುಕಿನ ಮೇಲೆ ಗಂಟು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳಿಗೆ ಸ್ಪಂದಿಸುತ್ತದೆಯೇ, ಕೋಶಗಳನ್ನು ಬೆಳೆಸುವ ಹರ್-2 ಎಂಬ ಪ್ರೋಟೀನ್ ಅದರಲ್ಲಿ ಹೆಚ್ಚಿದೆಯೇ ಎಂದು ನೋಡುವ ಪರೀಕ್ಷೆಗಳು ನಡೆಯುತ್ತವೆ. ಹರ್-2 ಫಲಿತಾಂಶ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಿಂತರೆ ಫಿಶ್ ಎಂಬ ಇನ್ನೊಂದು ಪರೀಕ್ಷೆಗೆ ಮತ್ತಷ್ಟು ದಿನ ಹಿಡಿಯುತ್ತದೆ. ಈ ವರದಿ ನೋಡಿಯೇ ಕೆಲವರಿಗೆ ಶಸ್ತ್ರಚಿಕಿತ್ಸೆಗಿಂತ ಮೊದಲು ಕಿಮೊಥೆರಪಿ ಒಳ್ಳೆಯದು ಎಂಬ ತೀರ್ಮಾನವಾಗುತ್ತದೆ. ಗಂಟನ್ನಷ್ಟೇ ತೆಗೆಯುವುದೋ ಇಡೀ ಸ್ತನವನ್ನೋ, ಕ್ಯಾನ್ಸರಿನ ಒಲವು ವಂಶಪಾರಂಪರ್ಯವಾಗಿ ಬಂದಿದೆಯೇ ಎಂದು ನೋಡುವ ಬಿಆರ್‌ಸಿಎ ವಂಶವಾಹಿ ಪರೀಕ್ಷೆ ಬೇಕೋ, ಸ್ತನದ ಮರುರಚನೆ ಬೇಕೋ ಎಂಬ ಪ್ರಶ್ನೆಗಳೂ ಇದೇ ಅವಧಿಯಲ್ಲಿ ಇತ್ಯರ್ಥವಾಗಬೇಕು. ಅವಸರದಲ್ಲಿ ಒಪ್ಪಿಕೊಂಡು ಆಮೇಲೆ ಕೊರಗುವುದಕ್ಕಿಂತ ಎರಡು ವಾರ ಯೋಚಿಸಿ ಒಪ್ಪುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಗಂಟು ದೊಡ್ಡದಾದಂತೆ ಕಾಣುವ ವಿಷಯ. ನನ್ನ ಅಕ್ಕ ಇದೇ ಸ್ಥಿತಿಯಲ್ಲಿದ್ದಾಗ ದಿನವೂ ಸ್ನಾನದ ಮನೆಯಲ್ಲಿ ಎರಡು ಬೆರಳಿಟ್ಟು ಗಂಟನ್ನು ಒತ್ತಿ ನೋಡುತ್ತಿದ್ದಳು. ಸೂಜಿ ಚುಚ್ಚಿದ ಜಾಗ ಮೊದಲು ನೇರಳೆಯಾಗಿ, ವಾರದ ಮೇಲೆ ಅಂಚಿನಲ್ಲಿ ಹಸಿರಾಗಿ, ಕೊನೆಗೆ ಹಳದಿಗೆ ತಿರುಗಿತು. ನೇರಳೆ ಬಣ್ಣವಿದ್ದ ಅಷ್ಟೂ ದಿನ ಗಂಟು ಹಿಗ್ಗಿದೆ ಎಂದು ಅಳುತ್ತಿದ್ದವಳಿಗೆ, ಬಣ್ಣ ತಿಳಿಯಾಗುತ್ತಿದ್ದಂತೆ ಅದು ಮತ್ತೆ ಮೊದಲಿನಷ್ಟೇ ಕೈಗೆ ಸಿಕ್ಕಿತು. ಆ ಹಿಗ್ಗಿಗೆ ಕಾರಣ ಬಯಾಪ್ಸಿಯಿಂದ ಒಳಗೆ ಹೆಪ್ಪುಗಟ್ಟಿದ ರಕ್ತ. ಬಯಾಪ್ಸಿ ಮಾಡಿಸಿದ್ದರಿಂದಲೇ ರೋಗ ಹರಡುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು, ಅದನ್ನು ನಂಬಬೇಡಿ. ಗಂಟನ್ನು ದಿನಾ ಒತ್ತಿ ನೋಡುವ ಅಗತ್ಯವೂ ಇಲ್ಲ, ನೋವಷ್ಟೇ ಉಳಿಯುತ್ತದೆ.

ಕೆಲಸ, ಅಡುಗೆ, ಪ್ರಯಾಣ, ದಾಂಪತ್ಯ, ಯಾವುದನ್ನೂ ರೋಗದ ಕಾರಣಕ್ಕೆ ನಿಲ್ಲಿಸಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಶಸ್ತ್ರಚಿಕಿತ್ಸೆಯ ನಂತರ ಆ ಬದಿಯ ಭುಜ ಬಿಗಿಯುವುದುಂಟು. ಆದ್ದರಿಂದ ತೋಳಿನ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟರಿಂದ ಈಗಲೇ ಕಲಿತಿಟ್ಟುಕೊಂಡರೆ ಆಗ ನೋವಿನ ನಡುವೆ ಹೊಸದಾಗಿ ಕಲಿಯುವ ಕಷ್ಟ ತಪ್ಪುತ್ತದೆ. ಆಮೇಲೆ ಕೆಲವು ದಿನ ಕೈ ಮೇಲೆತ್ತಿ ಬಟ್ಟೆ ತೊಡುವುದು ಕಷ್ಟ, ಮುಂದೆ ಗುಂಡಿಯಿರುವ ಸಡಿಲ ಅಂಗಿಗಳನ್ನು ತೆಗೆದಿಟ್ಟುಕೊಳ್ಳಿ. ಧೂಮಪಾನದ ಅಭ್ಯಾಸವಿದ್ದರೆ ಇಂದೇ ಬಿಡಿ. ಗಾಯ ಮಾಯುವುದಕ್ಕೂ ಅರಿವಳಿಕೆಯನ್ನು ಶ್ವಾಸಕೋಶ ತಾಳಿಕೊಳ್ಳುವುದಕ್ಕೂ ಅದು ನೆರವಾಗುತ್ತದೆ.

ಔಷಧಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ, ಹಾರ್ಮೋನ್ ಅಥವಾ ಗರ್ಭನಿರೋಧಕ ಮಾತ್ರೆ, ಮೀನೆಣ್ಣೆ, ಗಿಡಮೂಲಿಕೆ, ಏನೇ ಸೇವಿಸುತ್ತಿದ್ದರೂ ಶಸ್ತ್ರವೈದ್ಯರಿಗೆ ಹೇಳಿ, ಮತ್ತು ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಗಳ ಪೈಕಿ ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವವನ್ನು ಶಸ್ತ್ರಚಿಕಿತ್ಸೆಗೆ ಮೂರು-ನಾಲ್ಕು ದಿನ ಮೊದಲೇ ನಿಲ್ಲಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಇಂಥದ್ದು ಕೊನೆಯ ಸಂಜೆ ನೆನಪಾದರೆ ಶಸ್ತ್ರಚಿಕಿತ್ಸೆಯೇ ಮುಂದೆ ಹೋಗಬಹುದು.

ಕಾಯದೆ ತಕ್ಷಣ ಕರೆ ಮಾಡಬೇಕಾದ ಸಂದರ್ಭಗಳೂ ಇವೆ. ಸ್ತನ ದಿನಗಳ ಅಂತರದಲ್ಲಿ ಕೆಂಪಾಗಿ ಊದಿಕೊಂಡರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪವಾಗಿ ಗುಳಿ ಬಿದ್ದರೆ, ಬಯಾಪ್ಸಿಯಾದ ಜಾಗದಲ್ಲಿ ಕೀವು ಅಥವಾ ಜ್ವರ ಕಾಣಿಸಿಕೊಂಡರೆ, ಹೊಸದಾಗಿ ಉಸಿರುಗಟ್ಟಿದರೆ ಅಥವಾ ಮೂಳೆಯ ನೋವು ಬಿಡದೆ ಕಾಡಿದರೆ ನಿಗದಿತ ದಿನದವರೆಗೆ ತಡೆಯಬೇಡಿ. ಹಾಗೆಯೇ, ಕೊಟ್ಟ ದಿನವನ್ನು ಮುಂದೂಡಿದರೆ ‘ಯಾವ ವರದಿಗಾಗಿ ಕಾಯುತ್ತಿದ್ದೇವೆ, ಅದು ಯಾವಾಗ ಬರುತ್ತದೆ, ಹೊಸ ದಿನ ಯಾವುದು’ ಎಂದು ಸಂಕೋಚವಿಲ್ಲದೆ ಕೇಳಿ. ವೈದ್ಯಕೀಯ ಕಾರಣವಿದ್ದರೆ ಅದನ್ನು ವಿವರಿಸುತ್ತಾರೆ. ಕಾರಣವೂ ದಿನವೂ ಸಿಗದಿದ್ದರೆ ವರದಿಗಳ ಪ್ರತಿ ಪಡೆದುಕೊಂಡು ಅದೇ ವಾರ ಇನ್ನೊಬ್ಬ ಶಸ್ತ್ರವೈದ್ಯರನ್ನು ಕಾಣಿರಿ.